ನಿಸಿದಿಯ ಮುಂದೆ ನಿಲ್ಲುವ ಬಗೆ

ಧಾರವಾಡ ಜಿಲ್ಲೆಯ ನವಲಗುಂದ–ಅಣ್ಣಿಗೇರಿ ಸೀಮೆಯ ಎರೆನೆಲದ ಊರುಗಳಲ್ಲಿ ಒಬ್ಬರು ತೀರಿಕೊಂಡ ಸುದ್ದಿ ಬಂದರೆ ಕೇಳುವ ಮೊದಲ ಪ್ರಶ್ನೆ 'ಮಣ್ಣು ಎಷ್ಟೊತ್ತಿಗೆ?' ಎಂಬುದು. ಶಲವಡಿಯಲ್ಲಾಗಲಿ ಅದರ ನೆರೆಹೊರೆಯ ಹಳ್ಳಿಗಳಲ್ಲಾಗಲಿ ಅಂತ್ಯಕ್ರಿಯೆಗೆ ಹೋಗುವುದೆಂದರೆ 'ಮಣ್ಣಿಗೆ ಹೋಗುವುದು'. ಮದುವೆಗೆ ಕರೆ ಬೇಕು, ಮಣ್ಣಿಗೆ ಕರೆ ಬೇಡ. ಮಾತು ಬಿಟ್ಟವರೂ ಆ ದಿನ ಬಂದು ನಿಲ್ಲುತ್ತಾರೆ. ಒಂದು ಹಿಡಿ ಮಣ್ಣು ಹಾಕುತ್ತಾರೆ. ಹಿಂದಿರುಗಿದ ಮೇಲೆ ಮೈ ತೊಳೆದುಕೊಂಡೇ ಮನೆಯೊಳಗೆ ಕಾಲಿಡುತ್ತಾರೆ. ಯಾವ ಪುಸ್ತಕವೂ ಕಲಿಸದ ಈ ನಡವಳಿಕೆಯನ್ನು ಹಳ್ಳಿಯ ಮಕ್ಕಳು ಹಿರಿಯರನ್ನು ನೋಡಿ ಕಲಿಯುತ್ತಾರೆ.

ಇದು ಹೊಸ ಸಾವಿನ ಮರ್ಯಾದೆ. ಹಳೆಯ ಸಾವಿನ ಮರ್ಯಾದೆ ಬೇರೆಯದು. ಅತ್ತು ಕರೆಯುವವರೆಲ್ಲ ತೀರಿಹೋಗಿ ಸಾವಿರ ವರುಷಗಳಾದ ಮೇಲೆ, ಹೊಲದ ಬದುವಿನಲ್ಲೋ ಕೆರೆಯ ಏರಿಯಲ್ಲೋ ಗುಡಿಯ ಹಿಂದಿನ ಕಸದಲ್ಲೋ ಒಂದು ನಿಸಿದಿಕಲ್ಲು, ಒಂದು ವೀರಗಲ್ಲು, ಒಂದು ಮಾಸ್ತಿಕಲ್ಲು ನಿಂತಿರುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದವರೆಲ್ಲ ಬಲ್ಲಂತೆ, ಇಂಥ ಕಲ್ಲುಗಳಲ್ಲಿ ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ, ಕೆಲವು ದನ ಕಟ್ಟುವ ಗೂಟವಾಗಿವೆ, ಕೆಲವು ಮನೆಯ ಮೆಟ್ಟಿಲಾಗಿವೆ. ಹಾಗೆ ಬಳಸುವವರಲ್ಲಿ ತಿರಸ್ಕಾರವಿರುವುದಿಲ್ಲ. ಅದು ಒಬ್ಬರ ಸಾವಿನ ನೆಲೆ ಎಂಬ ಅರಿವು ಅಳಿಸಿಹೋಗಿದೆ, ಅಷ್ಟೆ. ಕ್ಷೇತ್ರಕಾರ್ಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೂ ಇದರಿಂದಲೇ ಹುಟ್ಟಿದ್ದು: ನಿಸಿದಿಯ ಹತ್ತಿರ ಹೋಗುವಾಗ ಚಪ್ಪಲಿ ಬಿಡಬೇಕೇ? ಕೈ ಮುಗಿಯಬೇಕೇ? ಅದು ದೇವರೇ, ಸಮಾಧಿಯೇ, ಬರಿಯ ಶಾಸನವೇ?

ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರಕ್ಕೆ ಎರಡು ಸಾವಿರ ವರುಷಗಳ ಚರಿತ್ರೆಯಿದೆ. ಆ ಉತ್ತರ ಬಹುಪಾಲು 'ನಿಸಿದಿ' ಎಂಬ ಪದದೊಳಗೇ ಅಡಗಿದೆ ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

ಹೆಸರುಗಳು ಹೇಳುವುದೇನು

ಸತ್ತವರ ನೆಲೆಗೆ ಕನ್ನಡದಲ್ಲಿರುವ ಹೆಸರುಗಳನ್ನು ಒಂದೆಡೆ ಇಟ್ಟು ನೋಡೋಣ. ಸುಡುಗಾಡು ಎಂದರೆ ಸುಡುವ ಕಾಡು; ಊರಾಚೆಯ ನೆಲ ಎಂಬ ಅರ್ಥ ಅದರಲ್ಲಿದೆ. ಸಂಸ್ಕೃತದ ಶ್ಮಶಾನ ಕನ್ನಡದಲ್ಲಿ ತದ್ಭವವಾಗಿ ಮಸಣವಾಯಿತು. ಈ ಪದಕ್ಕೆ ಇಂದು ಅಂಟಿಕೊಂಡಿರುವ ಅಂಜಿಕೆ ಹಿಂದೆ ಇಷ್ಟು ಇರಲಿಲ್ಲವೆಂದು ತೋರುತ್ತದೆ; ಏಕೆಂದರೆ ಜನ ಅದನ್ನು ಮಕ್ಕಳಿಗೆ ಹೆಸರಾಗಿ ಇಡುತ್ತಿದ್ದರು. ವಚನಕಾರರಲ್ಲಿ ಗಜೇಶ ಮಸಣಯ್ಯ ಎಂಬವರೇ ಇದ್ದಾರೆ. ರುದ್ರಭೂಮಿ ಎಂಬುದು ಮಸಣವಾಸಿಯಾದ ರುದ್ರನನ್ನು ನೆನಪಿಸುತ್ತದೆ. ಖಬರಸ್ತಾನ, ಗೋರಿ ಎಂಬ ಪದಗಳು ಪಾರಸಿ–ಅರಬ್ಬಿಯ ದಾರಿಯಿಂದ ಬಂದು ನಮ್ಮವಾಗಿವೆ.

ಈ ಹೆಸರುಗಳಲ್ಲಿ ಎರಡು ಮಾತ್ರ ಬೇರೆಯಾಗಿ ನಿಲ್ಲುತ್ತವೆ. ಒಂದು ಗದ್ದುಗೆ, ಇನ್ನೊಂದು ನಿಸಿದಿ. ಗದ್ದುಗೆ ಎಂದರೆ ಪೀಠ, ಕುಳಿತುಕೊಳ್ಳುವ ಆಸನ. ಅರಸನ ಸಿಂಹಾಸನಕ್ಕೂ ಅದೇ ಮಾತು, ಶರಣರ ಸಮಾಧಿಗೂ ಅದೇ ಮಾತು. ನಿಸಿದಿಯ ಮೂಲದಲ್ಲಿಯೂ 'ಕುಳಿತುಕೊಳ್ಳು' ಎಂಬ ಅರ್ಥದ ಸಂಸ್ಕೃತ ಧಾತುವನ್ನು ವಿದ್ವಾಂಸರು ಗುರುತಿಸಿದ್ದಾರೆ. ನಿಷದ್ಯಾ, ನಿಷೀಧಿಕಾ, ನಿಸೀಹಿಯಾ, ನಿಸಿದಿಗೆ, ನಿಸಿಧಿ ಎಂದು ಅದರ ರೂಪಗಳು ಹಲವು. ಎಂದರೆ ಈ ಎರಡೂ ಪದಗಳ ಪ್ರಕಾರ ಸತ್ತವರು ಅಲ್ಲಿ ಬಿದ್ದಿಲ್ಲ, ಕುಳಿತಿದ್ದಾರೆ. ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಸಂಪ್ರದಾಯವನ್ನೂ ಇಲ್ಲಿ ನೆನೆಯಬಹುದು. ಕುಳಿತ ಹಿರಿಯರ ಎದುರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ನಮ್ಮ ಹಳ್ಳಿಯ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪಾದರಕ್ಷೆ ಹೊರಗೆ ಬಿಡುತ್ತೇವೆ, ಅಪ್ಪಣೆ ಕೇಳಿ ಒಳಗೆ ಹೋಗುತ್ತೇವೆ, ಅವರಿಗಿಂತ ಎತ್ತರದಲ್ಲಿ ಕೂರುವುದಿಲ್ಲ, ಕಾಲು ಚಾಚುವುದಿಲ್ಲ, ಹೊರಡುವಾಗ ಹೇಳಿ ಹೊರಡುತ್ತೇವೆ. ನಿಸಿದಿಯ ಮುಂದಿನ ನಡವಳಿಕೆಗೆ ಇದೇ ಅಡಿಪಾಯ.

ಪದದ ಪ್ರಾಚೀನತೆಯ ಬಗ್ಗೆ ಒಂದು ಮಾತು. ಒಡಿಶಾದ ಉದಯಗಿರಿಯಲ್ಲಿರುವ ಖಾರವೇಲನ ಹಾಥಿಗುಂಫಾ ಶಾಸನ ಕ್ರಿಸ್ತಪೂರ್ವದ್ದು. ಅದರಲ್ಲಿಯೇ ಕುಮಾರಿ ಪರ್ವತದ ಪ್ರಸ್ತಾಪದೊಂದಿಗೆ 'ಕಾಯನಿಸೀದಿಯ' ಎಂಬ ಪ್ರಯೋಗ ದೊರೆಯುತ್ತದೆ. ಉತ್ತರ ಭಾರತದಲ್ಲಿ ಇದೇ ಪದ 'ನಸಿಯಾಂ' ಎಂದಾಗಿ ಊರಾಚೆಯ ಜಿನಾಲಯಗಳ ಹೆಸರಾಯಿತು. ಅಜ್ಮೇರದ ಸೋನಿಜೀ ಕೀ ನಸಿಯಾಂ ಎಂಬ 19ನೆಯ ಶತಮಾನದ ಬಸದಿ ಅದಕ್ಕೆ ಪ್ರಸಿದ್ಧ ನಿದರ್ಶನ. ಕನ್ನಡ ನಾಡಿನಲ್ಲಿ ಮಾತ್ರ ಪದವು ತನ್ನ ಮೂಲಾರ್ಥಕ್ಕೆ ಅಂಟಿಕೊಂಡು ಕಲ್ಲಿನ ಮೇಲೆ ಉಳಿಯಿತು.

ಅಪ್ಪಣೆ ಕೇಳುವ ಮಾತು

ನಿಸಿದಿ ಎಂಬುದು ಸ್ಥಳದ ಹೆಸರಷ್ಟೇ ಆಗಿರದೆ ಪ್ರವೇಶದ ಮಾತೂ ಆಗಿದೆ ಎಂಬುದನ್ನು ಅನೇಕರು ಗಮನಿಸಿಲ್ಲ. ಇಂದಿಗೂ ಶ್ರಾವಕರು ಬಸದಿಯ ಹೊಸ್ತಿಲು ದಾಟುವಾಗ 'ನಿಸ್ಸಹಿ ನಿಸ್ಸಹಿ ನಿಸ್ಸಹಿ' ಎಂದು ಮೂರು ಸಲ ಹೇಳುತ್ತಾರೆ. ಹೊರಡುವಾಗ 'ಅಸ್ಸಹಿ' ಎನ್ನುವ ರೂಢಿಯೂ ಇದೆ. ಇವು ವಟ್ಟಕೇರನ ಮೂಲಾಚಾರದಲ್ಲಿ ಮುನಿಗಳಿಗೆ ಹೇಳಿರುವ ಹತ್ತು ಬಗೆಯ ಸಮಾಚಾರಗಳಲ್ಲಿ ಎರಡು. ಇಲ್ಲಿ ಸಮಾಚಾರವೆಂದರೆ ಸುದ್ದಿಯಲ್ಲ, ಸರಿಯಾದ ನಡವಳಿಕೆ. ಗುಹೆ, ಕಂದರ, ಮರಳದಿಣ್ಣೆ ಮೊದಲಾದ ನಿರ್ಜನ ಸ್ಥಳವನ್ನು ಹೊಗುವಾಗ 'ನಿಸೀಹಿ' ಎನ್ನಬೇಕು, ಅಲ್ಲಿಂದ ಹೊರಡುವಾಗ 'ಆಸಿಯಾ' ಎನ್ನಬೇಕು.

ಯಾರೂ ಇಲ್ಲದ ಕಡೆ ಯಾರಿಗೆ ಹೇಳುವುದು? 13ನೆಯ ಶತಮಾನದ ಪಂಡಿತ ಆಶಾಧರ ತನ್ನ ಅನಗಾರಧರ್ಮಾಮೃತದಲ್ಲಿ ಇದಕ್ಕೆ ವಿವರಣೆ ಕೊಡುತ್ತಾನೆ: ಅಲ್ಲಿ ನೆಲೆಸಿರುವ ಭೂತಾದಿಗಳನ್ನು 'ನಿಸಹೀ' ಎಂಬ ಮಾತಿನಿಂದ ಕೇಳಿಕೊಂಡು ಹೊಗಬೇಕು, 'ಅಸಹೀ' ಎಂಬ ಮಾತಿನಿಂದ ಕೇಳಿಕೊಂಡೇ ಹೊರಡಬೇಕು. ಭೂತಪ್ರೇತಗಳ ಇರವನ್ನು ನಂಬುವುದು ಬಿಡುವುದು ಆಮೇಲಿನ ಮಾತು. ನಾನು ಬರುವುದಕ್ಕೆ ಮುಂಚೆ ಇಲ್ಲಿ ಯಾರೋ ಇದ್ದರು, ಈ ನೆಲ ನನ್ನದಲ್ಲ, ನಾನು ಅತಿಥಿ ಎಂಬ ಒಪ್ಪಿಗೆ ಆ ಒಂದು ಪದದಲ್ಲಿದೆ. ಸರ್ವವನ್ನೂ ಬಿಟ್ಟ ಮುನಿಗೆ ಕೂಡ ಖಾಲಿ ಗುಹೆಯನ್ನು ಹೇಳದೆ ಕೇಳದೆ ಹೊಗುವ ಹಕ್ಕಿಲ್ಲವೆಂದರೆ, ಕೈಯಲ್ಲಿ ಮೊಬೈಲು ಹಿಡಿದು ನಿಸಿದಿಗೆ ನುಗ್ಗುವ ನಮ್ಮ ಪಾಡೇನು?

ಇಲ್ಲಿ ಜನಪದರ ರೂಢಿಗೂ ಈ ಶ್ರಮಣ ರೂಢಿಗೂ ಒಂದು ವ್ಯತ್ಯಾಸ ಕಾಣುತ್ತದೆ. ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ 'ಹೋಗಿ ಬರ್ತೀನಿ' ಎನ್ನುವುದಿಲ್ಲ; ಸುಮ್ಮನೆ ಎದ್ದು ಹೋಗುತ್ತಾರೆ. ಹಾಗೆ ಎಂದರೆ ಆ ಮನೆಗೆ ಮತ್ತೊಂದು ಸಾವು ಬಯಸಿದಂತಾಗುತ್ತದೆ ಎಂಬ ಭಾವನೆ. ನಿಸಿದಿಯಿಂದ ಹೊರಡುವಾಗಲಾದರೋ ಹೇಳಿಯೇ ಹೊರಡಬೇಕು. ಎರಡೂ ಸರಿಯೇ. ಹೊಸ ಸಾವು ಉಳಿದವರ ದುಃಖದ ಸ್ಥಳ. ಅಲ್ಲಿ ಮಾತು ನೋಯಿಸೀತು. ಹಳೆಯ ಸಾವು ನೆನಪಿನ ಸ್ಥಳ. ಅಲ್ಲಿ ಮತ್ತೆ ಬರುವುದೇ ಮರ್ಯಾದೆ.

ನಡಿಗೆ ಮತ್ತು ಉಸಿರು

ಅಪ್ಪಣೆಯಾದ ಮೇಲೆ ನಡಿಗೆ. ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿಯ ಪ್ರಕಾರ ಹಗಲಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ನಡೆಯಬೇಕು. ನೆಲದ ಮೇಲಿನ ಹುಳುಹುಪ್ಪಟೆ ಕಾಲಡಿಗೆ ಸಿಗಬಾರದೆಂಬುದು ಅದರ ಉದ್ದೇಶ. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಕಂಡವರಿಗೆ ಈ ನಿಯಮದ ಇನ್ನೊಂದು ಉಪಯೋಗವೂ ಹೊಳೆಯುತ್ತದೆ. ಅಲ್ಲಿನ ನಿಸಿದಿ ಶಾಸನಗಳಲ್ಲಿ ಬಹಳಷ್ಟು ನಿಲ್ಲಿಸಿದ ಕಲ್ಲುಗಳ ಮೇಲಿಲ್ಲ. ಬೆಟ್ಟದ ಬರಿಬಂಡೆಯ ಮೇಲೆಯೇ, ನಡೆಯುವವರ ಕಾಲ ಬಳಿಯಲ್ಲಿಯೇ ಕೊರೆದಿವೆ. ಕಣ್ಣು ಮೇಲಿಟ್ಟು ನಡೆದರೆ ಒಬ್ಬ ಕಂತಿಯ ಹೆಸರನ್ನು ತುಳಿಯುತ್ತೇವೆ.

ಬಂದು ನಿಂತವರು ಏನು ಮಾಡಬೇಕು? ಮೂಲಾಚಾರದ ಷಡಾವಶ್ಯಕ ಪ್ರಕರಣದಲ್ಲಿ ಕಾಯೋತ್ಸರ್ಗದ ಅಳತೆಯನ್ನು ಉಸಿರುಗಳಲ್ಲಿ ಹೇಳಿದೆ. ಅರ್ಹಂತರ ಮತ್ತು ಶ್ರಮಣರ ನೆಲೆಗಳಿಗೆ, ಎಂದರೆ ನಿರ್ವಾಣಸ್ಥಾನಗಳಿಗೂ ನಿಷದ್ಯೆಗಳಿಗೂ ಹೋದಾಗ 25 ಉಸಿರುಗಳ ಕಾಲ ಮೈಮರೆತು ನಿಲ್ಲಬೇಕು. 25 ಉಸಿರೆಂದರೆ ಇಂದಿನ ಲೆಕ್ಕದಲ್ಲಿ ಎರಡು ನಿಮಿಷದಷ್ಟು. ಮೌನಾಚರಣೆಗೆ ನಮ್ಮ ಸಭೆಗಳಲ್ಲಿ ಗಡಿಯಾರ ನೋಡುತ್ತಾರೆ. ಇಲ್ಲಿ ಅಳತೆಗೋಲು ನಿಂತವರ ಉಸಿರೇ. ಸತ್ತವರ ಮುಂದೆ ನಿಂತು ತನ್ನ ಉಸಿರನ್ನು ಎಣಿಸುವವನಿಗೆ ಬೇರೆ ಉಪದೇಶ ಬೇಕಾಗಲಾರದು.

ಮುನಿಗಳಾದರೆ ಅದರೊಂದಿಗೆ ಭಕ್ತಿಪಾಠಗಳನ್ನೂ ಹೇಳುತ್ತಾರೆ. ಸಾಮಾನ್ಯ ಸಾಧುವಿನ ನಿಷದ್ಯೆಗೆ ಸಿದ್ಧಭಕ್ತಿ, ಯೋಗಿಭಕ್ತಿ, ಶಾಂತಿಭಕ್ತಿ. ಸಿದ್ಧಾಂತ ಬಲ್ಲವರಾಗಿದ್ದರೆ ಶ್ರುತಭಕ್ತಿ ಕೂಡುತ್ತದೆ. ಆಚಾರ್ಯರಾಗಿದ್ದರೆ ಆಚಾರ್ಯಭಕ್ತಿ ಕೂಡುತ್ತದೆ. ಹಾಗಾಗಿ ನಿಸಿದಿಗೆ ಹೋಗುವವರು ಅದು ಯಾರದೆಂದು ಮೊದಲು ತಿಳಿದಿರಬೇಕು. ಸತ್ತವರ ಗುರುತು ಹಿಡಿಯದೆ ವಂದನೆಯೇ ಸಾಗದು.

ಅಂಜಿಕೆಯಿಲ್ಲದ ನೆಲ

ಮಸಣವೆಂದರೆ ಮೈಲಿಗೆ, ಅಂಜಿಕೆ ಎಂಬ ಭಾವನೆಗೆ ಹೊರತಾದ ಇನ್ನೊಂದು ಧಾರೆ ನಮ್ಮ ಕಥಾಸಾಹಿತ್ಯದಲ್ಲಿದೆ. ಶ್ರೇಣಿಕ ಮಹಾರಾಜನ ಮಗ ವಾರಿಷೇಣ ರಾತ್ರಿ ಮಸಣದಲ್ಲಿ ಕಾಯೋತ್ಸರ್ಗದಲ್ಲಿ ನಿಂತಿರುವಾಗ ಕಳ್ಳನೊಬ್ಬ ಕದ್ದ ಹಾರವನ್ನು ಅವನ ಮುಂದೆ ಎಸೆದು ಹೋಗುತ್ತಾನೆ. ಸುದರ್ಶನ ಸೆಟ್ಟಿ ಪರ್ವದಿನಗಳ ಇರುಳಿನಲ್ಲಿ ಅಲ್ಲಿಯೇ ಪ್ರತಿಮಾಯೋಗದಲ್ಲಿ ನಿಲ್ಲುತ್ತಾನೆ. ವಡ್ಡಾರಾಧನೆಯ ಮೊದಲ ಕಥೆಯ ಸುಕುಮಾರಸ್ವಾಮಿ ನಿರ್ಜನ ನೆಲೆಯಲ್ಲಿ ನೋಂತಿರುವಾಗ ನರಿಯೊಂದು ಮರಿಗಳೊಂದಿಗೆ ಬಂದು ಮೈಯನ್ನು ತಿಂದರೂ ಕದಲುವುದಿಲ್ಲ. ಸತ್ತವರ ನೆಲ ಇವರಿಗೆ ತಪ್ಪಿಸಿಕೊಂಡು ಓಡುವ ಸ್ಥಳವಾಗಿರಲಿಲ್ಲ, ನಿಂತು ಯೋಚಿಸುವ ಸ್ಥಳವಾಗಿತ್ತು.

ಆ ವಡ್ಡಾರಾಧನೆಗೆ ಆಧಾರವಾದ ಶಿವಾರ್ಯನ ಭಗವತೀ ಆರಾಧನೆಯಲ್ಲಿ ಸತ್ತ ಮುನಿಯ ದೇಹವನ್ನು ಎಲ್ಲಿ, ಹೇಗೆ ಇಡಬೇಕೆಂಬ ಪ್ರಕರಣವೇ ಇದೆ. ನಿಷೀಧಿಕೆಯ ನೆಲ ಊರಿಗೆ ತೀರ ಹತ್ತಿರವೂ ಇರಬಾರದು, ತೀರ ದೂರವೂ ಇರಬಾರದು, ಸಮತಟ್ಟಾಗಿರಬೇಕು, ಬಿಲಗಳೂ ಕ್ರಿಮಿಕೀಟಗಳೂ ಇಲ್ಲದ ನಿರ್ಜೀವ ನೆಲವಾಗಿರಬೇಕು, ವಸತಿಯಿಂದ ನೈಋತ್ಯ, ದಕ್ಷಿಣ ಅಥವಾ ಪಶ್ಚಿಮಕ್ಕಿರುವುದು ಒಳ್ಳೆಯದು. ಇದರಲ್ಲಿ ದಿಕ್ಕಿನ ಮಾತನ್ನು ನಂಬಿಕೆಗೆ ಬಿಡೋಣ. ಸತ್ತ ದೇಹದಿಂದ ಬದುಕಿರುವ ಒಂದು ಇರುವೆಗೂ ತೊಂದರೆಯಾಗಬಾರದೆಂಬ ಕಾಳಜಿಯನ್ನು ಗಮನಿಸಬೇಕು. ಇಂದು ಸಮಾಧಿಗಳ ಸುತ್ತ ಪ್ಲಾಸ್ಟಿಕ್ ಹೂಮಾಲೆ, ಕರ್ಪೂರದ ಡಬ್ಬಿ, ನೀರಿನ ಬಾಟಲಿ ಬಿಟ್ಟು ಬರುವವರು ಈ ಹಳೆಯ ಕಾಳಜಿಯ ಮುಂದೆ ಸಣ್ಣವರಾಗುತ್ತಾರೆ.

ಕಲ್ಲುಗಳು ಕೇಳುವುದು

ಶ್ರವಣಬೆಳಗೊಳದ ಶಾಸನಗಳ ಪರಿಷ್ಕೃತ ಸಂಪುಟದಲ್ಲಿ 573 ಶಾಸನಗಳು ಸೇರಿವೆ. ಅವುಗಳಲ್ಲಿ 271 ಚಿಕ್ಕಬೆಟ್ಟದವು. ಸುಮಾರು ಕ್ರಿ.ಶ. 600ರ ಅತ್ಯಂತ ಹಳೆಯ ಶಾಸನ ಭದ್ರಬಾಹು, ಪ್ರಭಾಚಂದ್ರರನ್ನು ನೆನೆದು, ಆ ಬೆಟ್ಟದಲ್ಲಿ ಕಾಲಕ್ರಮದಲ್ಲಿ 700 ಋಷಿಗಳು ಸಮಾಧಿ ಹೊಂದಿದರೆಂದು ಹೇಳುತ್ತದೆ. ಅನಂತರದ ಒಂದೆರಡು ಶತಮಾನಗಳ ನಿಸಿದಿಗಳು ಚಿಕ್ಕವು. ಊರು, ಗುರು, ಹೆಸರು, ನೋಂಪಿಯ ಅವಧಿ, ಮುಡಿಪಿದ ಸಂಗತಿ, ಇಷ್ಟೇ. ನಾಗಮತಿ ಗಂತಿ ಮೂರು ತಿಂಗಳು ನೋಂತಳೆಂದು ತಿಳಿಸುವ ಶಾಸನ ಅಂಥದು. ನಂದಿಸೇನ ಮುನಿಯ ನಿಸಿದಿಯಂತೂ ರೂಪ, ಭೋಗ, ಸಂಪತ್ತುಗಳನ್ನು ಮಳೆಬಿಲ್ಲಿಗೂ ಮಿಂಚಿಗೂ ಮಂಜಿಗೂ ಹೋಲಿಸಿ, ಕನ್ನಡದ ಅತ್ಯಂತ ಹಳೆಯ ಭಾವಗೀತೆಗಳಲ್ಲಿ ಒಂದೆನಿಸಿದೆ.

ಅರಸರೂ ಈ ಸಾಲಿನಲ್ಲಿದ್ದಾರೆ. ಗಂಗ ಮಾರಸಿಂಹ 974ರಲ್ಲಿ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿ ಮುಡಿಪಿದ. ಶಾಂತಲೆಯ ತಾಯಿ ಮಾಚಿಕಬ್ಬೆ ಮಗಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಅನಶನವಿದ್ದು ದೇಹ ಬಿಟ್ಟಳು. ಈ ಪರಂಪರೆ ಕಡಿದುಹೋಗಿಲ್ಲ. ಬೆಳಗಾವಿ ಸೀಮೆಯ ಭೋಜದ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನ ಪೂರೈಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಷ. ಶೆಟ್ಟರ್ ಅವರು 'ಸಾವಿಗೆ ಆಹ್ವಾನ', 'ಸಾವನ್ನು ಅರಸಿ' ಎಂಬ ಎರಡು ಕೃತಿಗಳಲ್ಲಿ ಈ ಚರಿತ್ರೆಯನ್ನು ಲೋಕದ ವಿದ್ವಾಂಸರ ಮುಂದಿಟ್ಟರು.

ನಿಸಿದಿಕಲ್ಲಿನ ಕೆತ್ತನೆಯಲ್ಲಿ ಸಾಮಾನ್ಯವಾಗಿ ಮೇಲೆ ಜಿನಬಿಂಬವಿರುತ್ತದೆ. ಕೆಳಗೆ ಗುರು ಕುಳಿತು ಬೋಧಿಸುತ್ತಿರುತ್ತಾರೆ. ಎದುರಿಗೆ ನೋಂತವರು ಕೈಮುಗಿದು ಕೇಳುತ್ತಿರುತ್ತಾರೆ. ಸಾಯುವವರು ಕೊನೆಯ ಕ್ಷಣದಲ್ಲಿಯೂ ಕೇಳುಗರು. ಆ ಕಲ್ಲಿನ ಮುಂದೆ ಗಟ್ಟಿಯಾಗಿ ಹರಟುವುದು ಪಾಠ ನಡೆಯುತ್ತಿರುವ ಕೋಣೆಗೆ ನುಗ್ಗಿದಂತೆ. ಕೊಪ್ಪಳದ ಬೆಟ್ಟದಲ್ಲಿ ವರಾಂಗಚರಿತೆಯ ಕವಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದ. ಅಲ್ಲಿ ಮೂರ್ತಿಯಿಲ್ಲ, ಬರಿಯ ಎರಡು ಹೆಜ್ಜೆ. ಗುರುವಿನ ಹೆಜ್ಜೆಯ ಮೇಲೆ ತನ್ನ ಹೆಜ್ಜೆಯಿಟ್ಟು ಅಳತೆ ನೋಡುವವನಿಗೆ ಏನು ಹೇಳೋಣ!

ಸ್ಮಾರಕದ ಎದುರಿನ ಮರ್ಯಾದೆಯನ್ನು ನೇರವಾಗಿ ಕಟ್ಟಳೆಯಾಗಿಯೇ ಬರೆದ ಶಾಸನವೂ ನಮ್ಮಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ 949–50ರ ಕಲ್ಲು ಅದು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಬೂತುಗನಿಂದ ಮಣಲೆರನು ಬೇಡಿ ಪಡೆದ 'ಕಾಳಿ' ಎಂಬ ನಾಯಿ ಹಂದಿಯೊಂದಿಗೆ ಕಾದಾಡಿ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂದು ಶಾಸನ ಎಚ್ಚರಿಸುತ್ತದೆ. ನಾಯಿಯ ಸಾವಿಗೂ ಇಷ್ಟು ಕಟ್ಟುನಿಟ್ಟಾದ ಮರ್ಯಾದೆ ಕೊಟ್ಟ ನಾಡು ನಮ್ಮದು. ಸ್ಮಾರಕ ನಿಲ್ಲಿಸುವುದು ಒಂದು ದಿನದ ಕೆಲಸ, ಅದನ್ನು ನೆನೆಯುವುದು ದಿನದಿನದ ಕೆಲಸ ಎಂದು ಹತ್ತನೆಯ ಶತಮಾನದವರು ಬಲ್ಲವರಾಗಿದ್ದರು.

ನೆರೆಯವರ ನೆಲೆಗಳು

ಅಪ್ಪಣೆ ಕೇಳಿ ಹೊಗುವುದು ಶ್ರಮಣರ ಸೊತ್ತು ಮಾತ್ರವಲ್ಲ. ಖಬರಸ್ತಾನಕ್ಕೆ ಹೋಗುವ ಮುಸಲ್ಮಾನರು ಗೋರಿಗಳಲ್ಲಿರುವವರಿಗೆ ಸಲಾಂ ಹೇಳಿ, ದೇವರು ಬಯಸಿದಾಗ ನಾವೂ ನಿಮ್ಮನ್ನು ಕೂಡಿಕೊಳ್ಳುವವರೇ ಎಂಬರ್ಥದ ಮಾತನ್ನು ಸೇರಿಸುತ್ತಾರೆ. ಅದು ಪೈಗಂಬರರು ಕಲಿಸಿದ ರೀತಿ. ಗೋರಿಯ ಮೇಲೆ ಕೂರಬಾರದು, ಅದನ್ನು ತುಳಿಯಬಾರದು ಎಂಬುದೂ ಅವರ ಕಟ್ಟಳೆ. 'ನಿಸೀಹಿ'ಗೂ ಆ ಸಲಾಮಿಗೂ ಭಾಷೆ ಬೇರೆ, ಧರ್ಮ ಬೇರೆ. ಹೊಸ್ತಿಲಲ್ಲಿ ನಿಂತು ಒಳಗಿನವರನ್ನು ಮಾತನಾಡಿಸುವ ಸೌಜನ್ಯ ಒಂದೇ.

ಈ ಸೀಮೆಗೆ ಅದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಶಿಶುನಾಳದ ಶರೀಫ ಸಾಹೇಬರ (1819–1889) ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ತಮ್ಮ ತಮ್ಮ ರೀತಿಯಲ್ಲಿ ನಡೆದುಕೊಳ್ಳುತ್ತಾರೆ. ನವಲಗುಂದದ ಅಜಾತ ನಾಗಲಿಂಗ ಸ್ವಾಮಿಗಳ ಗದ್ದುಗೆಗೆ ಹೋಗುವವರಲ್ಲಿಯೂ ಜಾತಿಯ ಲೆಕ್ಕವಿಲ್ಲ. ಅನ್ಯರ ಸಮಾಧಿಯಲ್ಲಿ ಅವರ ಪೂಜಾವಿಧಿಯನ್ನು ಅನುಕರಿಸಲೇಬೇಕೆಂಬ ಒತ್ತಾಯ ಯಾರಿಗೂ ಇಲ್ಲ. ಅಲ್ಲಿಯವರು ಮಾಡಬಾರದೆಂದು ಎಣಿಸುವುದನ್ನು ಮಾಡದಿದ್ದರೆ ಅತಿಥಿಯ ಧರ್ಮ ಪೂರ್ತಿಯಾಯಿತು.

ಮಸಣದ ನೆಲ ಕಾಯುವವರನ್ನೂ ಇಲ್ಲಿ ಮರೆಯಬಾರದು. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಅರಸನೇ ವೀರಬಾಹುವಿನ ಆಳಾಗಿ ಕಾಶಿಯ ಮಸಣ ಕಾಯುತ್ತಾನೆ. ತನ್ನ ಮಗನ ಹೆಣ ಹೊತ್ತು ಬಂದ ಹೆಂಡತಿಯಿಂದಲೂ ಸಲ್ಲಬೇಕಾದ ತೆರಿಗೆ ಕೇಳುತ್ತಾನೆ. ಕಾವ್ಯದ ಆ ಕಾವಲುಗಾರನಿಗೆ ಕಣ್ಣೀರಿಡುವ ನಾವು, ನಮ್ಮೂರಿನಲ್ಲಿ ಕುಣಿ ತೋಡುವವನ ಹೆಸರು ಕೇಳಿದ್ದೇವೆಯೇ? ಮಣ್ಣಿಗೆ ಹೋದಾಗ ಅವನನ್ನು ಮಾತನಾಡಿಸಿ, ಕೂಲಿಯನ್ನು ಎಸೆಯದೆ ಕೈಗೆ ಕೊಡುವುದೂ ಸ್ಮಶಾನದ ಮರ್ಯಾದೆಯ ಒಂದು ಭಾಗವೇ.

ಹೆಸರಿಲ್ಲದವರು

ಶಲವಡಿಯವರಿಗೆ ಪಟ್ಟಣವಾದ ಅಣ್ಣಿಗೇರಿ ಹಿಂದೆ ಬೆಳ್ವೊಲ ಮುನ್ನೂರರ ಮುಖ್ಯ ನೆಲೆಯಾಗಿತ್ತು. ಅಲ್ಲಿ ಗಂಗ ಪೆರ್ಮಾಡಿ ಕಟ್ಟಿಸಿದ ಬಸದಿಯನ್ನು ಚೋಳರ ದಾಳಿ ಸುಟ್ಟುದನ್ನೂ ಆಮೇಲೆ ಅದಕ್ಕೆ ಮತ್ತೆ ದತ್ತಿ ನಡೆಸಿದ್ದನ್ನೂ 1071–72ರ ಗಾವರವಾಡದ ಶಾಸನ ವಿವರಿಸುತ್ತದೆ. ಹಾಳಾದುದನ್ನು ಹೆಸರಿಟ್ಟು ನೆನೆದು, ಮತ್ತೆ ನಿಲ್ಲಿಸುವುದು ಆ ಕಾಲದ ಕ್ರಮ.

ಅದೇ ಅಣ್ಣಿಗೇರಿಯಲ್ಲಿ 2010ರ ಆಗಸ್ಟಿನಲ್ಲಿ ಚರಂಡಿಯ ಪಕ್ಕದ ನೆಲದಡಿ ಸಾಲುಸಾಲಾಗಿ ತಲೆಬುರುಡೆಗಳು ಕಂಡವು. ಅಗೆದಂತೆ ಅವು ನೂರಾರಾದವು. ಯುದ್ಧವೋ ಬರವೋ ಬೇರೆಯೇನೋ ಎಂಬುದರಲ್ಲಿ ಒಮ್ಮತ ಮೂಡಲಿಲ್ಲ. ಈ ಸೀಮೆ ಬರಗಳನ್ನು ಬಲ್ಲದು. 1791–92ರ ಬರವನ್ನು ಜನ 'ಡೋಗಿ ಬರ'ವೆಂದು ಕರೆದರು, ಹೂಳುವವರಿಲ್ಲದೆ ಬುರುಡೆಗಳು ನೆಲದ ಮೇಲೆ ಬಿದ್ದಿದ್ದ ಬರ ಎಂಬರ್ಥದಲ್ಲಿ. ಅಣ್ಣಿಗೇರಿಯ ಬುರುಡೆಗಳು ಯಾವ ಕಾಲದವೇ ಆಗಿರಲಿ, ಅವು ಒಂದು ಪ್ರಶ್ನೆಯನ್ನು ಎತ್ತಿದವು. ಅವು ಯಾರವು, ಎಂದಿನವು ಎಂದು ಕೇಳಿದೆವು. ಅವುಗಳ ಮುಂದೆ ಹೇಗೆ ನಿಲ್ಲಬೇಕೆಂದು ಕೇಳಲಿಲ್ಲ. ಹೆಸರು, ಗುರು, ಊರು ಯಾವುದೂ ತಿಳಿಯದವರಿಗೆ ಯಾವ ಭಕ್ತಿಪಾಠ? ಅದಕ್ಕೆ ಮೂಲಾಚಾರದ ಉತ್ತರವೇ ಸಾಕು. ಅಪ್ಪಣೆ ಕೇಳುವುದಕ್ಕೆ ಒಳಗಿರುವವರ ಹೆಸರು ತಿಳಿದಿರಬೇಕಾಗಿಲ್ಲ.

ಕಾನೂನೂ ಈ ಮರ್ಯಾದೆಯನ್ನು ಕಾಯುತ್ತದೆ. ಹಿಂದಿನ ದಂಡಸಂಹಿತೆಯ 297ನೆಯ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 301ನೆಯ ಕಲಮು, ಯಾರ ಭಾವನೆಯನ್ನಾದರೂ ನೋಯಿಸುವ ಉದ್ದೇಶದಿಂದ, ಇಲ್ಲವೆ ನೋವಾಗುವುದೆಂದು ತಿಳಿದೂ, ಸಮಾಧಿಸ್ಥಳಕ್ಕೆ ಅತಿಕ್ರಮಿಸಿ ಹೊಗುವುದನ್ನೂ ಹೆಣಕ್ಕೆ ಅಗೌರವ ತೋರುವುದನ್ನೂ ಅಪರಾಧವೆನ್ನುತ್ತದೆ. ಆದರೆ ಹೊಲದ ಬದುವಿನ ಒಂಟಿ ಕಲ್ಲನ್ನು ಮರೆವಿನಿಂದ ಕಾಪಾಡುವ ಕಲಮು ಯಾವುದೂ ಇಲ್ಲ. ಅದು ನಮ್ಮ ಪಾಲಿನ ಕೆಲಸ.

ಇಂದು ಮಾಡಬೇಕಾದುದು

ಹೊಲದಲ್ಲಿ ಕಲ್ಲಿದ್ದರೆ ಮೊದಲು ಹೊಲದೊಡೆಯರನ್ನು ಕೇಳಬೇಕು. ಅದೇ ಇಂದಿನ 'ನಿಸೀಹಿ'. 'ಯಜಮಾನ್ರ, ಕಲ್ಲು ನೋಡಿ ಬರ್ಲೇನ್ರಿ?' ಎಂದು ಕೇಳಿದವರನ್ನು ಈ ಸೀಮೆಯ ರೈತ ತಡೆಯುವುದು ಅಪರೂಪ. ಬಹುಮಟ್ಟಿಗೆ ತಾನೇ ಮುಂದೆ ನಡೆದು ತೋರಿಸುತ್ತಾನೆ. ಬೆಳೆಯ ನಡುವೆ ದಾರಿ ಮಾಡಬಾರದು. ಪಾದರಕ್ಷೆಯನ್ನು ಕಲ್ಲಿನಿಂದ ದೂರ ಬಿಡಬೇಕು. ಕಲ್ಲಿಗೆ ಒರಗಿ, ಅದರ ಮೇಲೆ ಕೈಯೂರಿ, ಕಾಲಿಟ್ಟು ಚಿತ್ರ ತೆಗೆಸಿಕೊಳ್ಳಬಾರದು. ಚಿತ್ರ ಬೇಕಾದರೆ ಅದು ಕಲ್ಲಿನ ಚಿತ್ರವಾಗಿರಲಿ, ನಮ್ಮದು ಬೇಡ.

ಅಕ್ಷರ ಕಾಣುವುದಿಲ್ಲವೆಂದು ಸುಣ್ಣ, ಸೀಮೆಸುಣ್ಣ ಬಳಿಯುವುದು, ತಂತಿಯ ಬ್ರಷ್ಷಿನಿಂದ ತಿಕ್ಕುವುದು ತಪ್ಪು. ಭಕ್ತಿಯಿಂದ ಎಣ್ಣೆ ಹೊಯ್ಯುವುದರಿಂದಲೂ ಅಕ್ಷರಗಳೊಳಗೆ ಧೂಳು ಕೂತು ಗಟ್ಟಿಯಾಗುತ್ತದೆ. ಮುಂಜಾನೆ ಅಥವಾ ಇಳಿಹೊತ್ತಿನ ಓರೆಬಿಸಿಲಿನಲ್ಲಿ ನೋಡಿದರೆ ನೆರಳಿನಿಂದಲೇ ಅಕ್ಷರಗಳು ಎದ್ದು ಕಾಣುತ್ತವೆ. ಅಚ್ಚು ತೆಗೆಯುವುದನ್ನು ಬಲ್ಲವರಿಗೆ ಬಿಡಬೇಕು. ಕಲ್ಲನ್ನು ಕಿತ್ತು ಗುಡಿಗೋ ಶಾಲೆಗೋ ತಂದಿಡುವುದು ಒಳ್ಳೆಯ ಉದ್ದೇಶದ ಕೆಟ್ಟ ಕೆಲಸ. ಕಲ್ಲು ನಿಂತ ಜಾಗವೂ ಶಾಸನದ ಒಂದು ಸಾಲೇ. ಒಡೆಯುವ, ಮುಳುಗುವ ಭಯವಿದ್ದರೆ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.

ಬಟ್ಟೆ ಒಗೆಯುವ ಹಾಸುಗಲ್ಲಾಗಿರುವ ನಿಸಿದಿಯನ್ನು ಕಂಡಾಗ ಮನೆಯವರನ್ನು ಗದರಿಸಿ ಫಲವಿಲ್ಲ. ಅದರ ಮೇಲಿನ ಹೆಸರನ್ನು ಓದಿ ಹೇಳಬೇಕು. 'ಅಕ್ಕಾರ, ಈ ಕಲ್ಲಿನಾಗ ಒಬ್ಬಾಕಿ ಹೆಸರೈತಿ' ಎಂದರೆ ಸಾಕು. ಮರುದಿನದಿಂದ ಆ ಕಲ್ಲಿನ ಮೇಲೆ ಬಟ್ಟೆ ಕುಕ್ಕಲು ಯಾವ ತಾಯಿಗೂ ಕೈ ಬರುವುದಿಲ್ಲ. ಹೆಸರು ತಿಳಿದ ಕೂಡಲೇ ಕಲ್ಲು ಮನುಷ್ಯಳಾಗುತ್ತದೆ. ಹಾಗೆ ಓದಿ ಹೇಳಬಲ್ಲವರು ಊರಿಗೊಬ್ಬರಾದರೂ ಇರಬೇಕು. ಹಳಗನ್ನಡವನ್ನು ಪರೀಕ್ಷೆಯ ಅಂಕಗಳಿಗಾಗಿ ಓದುವ ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಉಪಯೋಗವನ್ನು ನಾನು ಕಾಣೆ.

ಹೊಸ್ತಿಲಲ್ಲಿ ಒಂದು ಮಾತು, ನೆಲ ನೋಡಿ ನಡೆವ ನಡಿಗೆ, ಹೆಸರಿನ ಓದು, 25 ಉಸಿರಿನ ಮೌನ, ಹೊರಡುವಾಗ ಮತ್ತೊಂದು ಮಾತು. ಹಿರಿಯರು ಬಿಟ್ಟುಹೋದ ವಿಧಿ ಇಷ್ಟೇ. ಇದಕ್ಕೆ ಖರ್ಚಿಲ್ಲ, ಪುರೋಹಿತರು ಬೇಕಿಲ್ಲ, ಯಾವ ಮತದವರಿಗೂ ಅಡ್ಡಿಯಿಲ್ಲ. ಶಲವಡಿಯ ದಾರಿಯಲ್ಲಾಗಲಿ ಬೆಳಗೊಳದ ಬಂಡೆಯ ಮೇಲಾಗಲಿ, ಸತ್ತವರು ನಮ್ಮಿಂದ ಬಯಸುವುದೇನಾದರೂ ಇದ್ದರೆ ಅದು ಇದಕ್ಕಿಂತ ಹೆಚ್ಚಿನದಾಗಿರಲಾರದು.